ಉಗಿಯೋ, ಡೀಸೆಲ್ಲೋ, ಚಾವಿಯೋ? ಹುಬ್ಬಳ್ಳಿ-ಧಾರವಾಡದಲ್ಲಿ ಸ್ಟೀಮ್‌ಪಂಕ್ ಶುರು ಮಾಡುವವರಿಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಾಮ್ರದ ಬಂಬ್ ಇದೆ. ನಿಮ್ಮ ಮನೆಯಲ್ಲೂ ಇರಬಹುದು, ಇಲ್ಲಾ ಗೀಸರ್ ಬಂದ ವರ್ಷವೇ ಗುಜರಿಗೆ ಹೋಗಿರಬಹುದು. ನಡುವೆ ಒಂದು ಕೊಳವೆ, ಅದರೊಳಗೆ ಕಟ್ಟಿಗೆ ಚೂರು, ತೆಂಗಿನ ಚಿಪ್ಪು ಹಾಕಿ ಬೆಂಕಿ ಹಚ್ಚಬೇಕು. ಸುತ್ತಲೂ ನೀರು, ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ. ಹೈಸ್ಕೂಲಿನಲ್ಲಿದ್ದಾಗ ಅದರ ಬೂದಿ ತೆಗೆಯುವ ಕೆಲಸ ನನ್ನದೇ ಆಗಿತ್ತು. ಹಳೆಯ ರೈಲು ಇಂಜಿನ್ನಿನ ಬಾಯ್ಲರ್ ಕೂಡ ಹೆಚ್ಚು ಕಡಿಮೆ ಇದೇ ಎಂದು ಗೊತ್ತಾಗಿದ್ದು ಬಹಳ ತಡವಾಗಿ. ನೀರಿನ ನಡುವೆ ಹಾಯುವ ಕೊಳವೆಗಳು, ಕೊಳವೆಯೊಳಗೆ ಬಿಸಿ ಹೊಗೆ. ಬಂಬಿನ ಬಾಯಿ ತೆರೆದಿರುತ್ತದೆ, ಬಾಯ್ಲರ್ ಬಾಯಿ ಮುಚ್ಚಿರುತ್ತದೆ, ಅಷ್ಟೇ.

ಸ್ಟೀಮ್‌ಪಂಕ್ ಅಂದರೇನು ಎಂದು ಕೇಳಿದವರಿಗೆ ನಾನು ಈಗ ಈ ಬಂಬನ್ನೇ ತೋರಿಸುತ್ತೇನೆ. ಇದಕ್ಕೊಂದು ಒತ್ತಡದ ಮೀಟರ್ ಕೂಡಿಸಿ, ಎರಡು ಗಾಲಿ ಹಚ್ಚಿ, ಇದು ನಿಮ್ಮ ಮುತ್ತಜ್ಜ ಲಂಡನ್ನಿಗೆ ಹೋಗಿಬಂದ ಗಾಡಿ ಎಂದು ಒಂದು ಕತೆ ಕಟ್ಟಿ. ಆಯ್ತು, ಅದೇ ಸ್ಟೀಮ್‌ಪಂಕ್. ಪೆಟ್ರೋಲು, ಕರೆಂಟು, ಕಂಪ್ಯೂಟರ್ ಚಿಪ್ಪು ಇವೆಲ್ಲ ಬರದೇ ಉಗಿಯ ಕಾಲವೇ ಮುಂದುವರೆದಿದ್ದರೆ ಜಗತ್ತು ಹೇಗಿರುತ್ತಿತ್ತು ಎನ್ನುವ ಆಟ. ಹಿತ್ತಾಳೆಯ ಕಂಪ್ಯೂಟರು, ಉಗಿಯ ವಿಮಾನ, ಚರ್ಮದ ಬೆಲ್ಟಿಗೆ ನೇತುಹಾಕಿದ ಪಾನಾ.

ಹೆಸರು ಹುಟ್ಟಿದ್ದು 1987ರಲ್ಲಿ. ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ, ಕಂಪ್ಯೂಟರು ಆಳುವ ನಾಳಿನ ಕತೆಗಳಿಗೆ ಇಟ್ಟ, ಆಗ ಎಲ್ಲರ ಬಾಯಲ್ಲಿದ್ದ ಸೈಬರ್‌ಪಂಕ್ ಎಂಬ ಪದವನ್ನೇ ತಿರುಚಿ ತಮಾಷೆಗೆ ಅಂದ ಮಾತು ಅದು. ಆದರೆ ಬೇರು ಇನ್ನೂ ಹಿಂದಿನದು, ಫ್ರಾನ್ಸಿನ ಜೂಲ್ಸ್ ವರ್ನ್, ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಎಂಬ ಕಾದಂಬರಿಕಾರರ ಕಾಲದ್ದು.

ಇನ್ನು ಆಯ್ಕೆಯ ವಿಷಯ. ಕಾಲೇಜಿನ ಫೆಸ್ಟ್‌ಗೆ ವೇಷ ಹಾಕಬೇಕು, ಒಂದು ಟೇಬಲ್ ಲ್ಯಾಂಪ್ ಮಾಡಬೇಕು, ಸೈಕಲ್ಲಿಗೆ ಹೊಸ ರೂಪ ಕೊಡಬೇಕು, ಏನೇ ಇರಲಿ, ಶುರು ಮಾಡುವ ಮೊದಲು ಮೂರು ನಾಲ್ಕು ಕಡೆ ದಾರಿ ಒಡೆಯುತ್ತದೆ. ನಾನು ಎಲ್ಲ ಕಡೆಯೂ ಒಮ್ಮೊಮ್ಮೆ ತಪ್ಪು ದಾರಿ ಹಿಡಿದು ವಾಪಸ್ ಬಂದಿದ್ದೇನೆ. ಈಗ ನನ್ನ ಲೆಕ್ಕ ಒಂದೇ: ನಿಮ್ಮ ಓಣಿಯಲ್ಲಿ, ನಿಮ್ಮ ಅಟ್ಟದಲ್ಲಿ ಯಾವ ಕಾಲದ ಸಾಮಾನು ಕೈಗೆ ಸಿಗುತ್ತದೋ ಆ ಕಾಲ ಆರಿಸಿ. ಚಿತ್ರ ನೋಡಿ ಆರಿಸಿದರೆ ದುಡ್ಡು ಹೋಗುತ್ತದೆ.

ಯಾವ ಪಂಕ್?

ಮೊದಲ ಜಗಳ ಸ್ಟೀಮ್‌ಪಂಕ್‌ಗೂ ಡೀಸೆಲ್‌ಪಂಕ್‌ಗೂ. ಹೊಸಬರು ಎರಡನ್ನೂ ಕಲಸಿಬಿಡುತ್ತಾರೆ, ನಾನೂ ಕಲಸಿದ್ದೆ. ಉಗಿಯದ್ದು ಹತ್ತೊಂಬತ್ತನೇ ಶತಮಾನ: ಹಿತ್ತಾಳೆ, ತಾಮ್ರ, ಕಂದು ಚರ್ಮ, ತೇಗದ ಕಟ್ಟಿಗೆ, ಬಳ್ಳಿ ಬಳ್ಳಿ ನಕ್ಕಾಸಿ. ಡೀಸೆಲ್ಲಿನದ್ದು ಮೊದಲ ಮಹಾಯುದ್ಧ ಮುಗಿದಲ್ಲಿಂದ 1940ರ ದಶಕದವರೆಗೆ: ಉಕ್ಕು, ರಿವೆಟ್, ಮಿಲಿಟರಿ ಹಸಿರು, ಎಣ್ಣೆ ಜಿಡ್ಡು, ದೊಡ್ಡ ವಾಲ್ವ್ ರೇಡಿಯೋ, ಪೈಲಟ್ ಜಾಕೆಟ್. ಸುಲಭದ ಗುರುತು ಹೇಳಲಾ? ಉಗಿಯ ಕಾಲದವನು ಯಂತ್ರವನ್ನು ಮದುಮಗಳ ಹಾಗೆ ಸಿಂಗರಿಸುತ್ತಾನೆ. ಡೀಸೆಲ್ ಕಾಲದವನಿಗೆ ಅದು ಓಡಿದರೆ ಸಾಕು, ಜಾಸ್ತಿ ಅಂದರೆ ಮೂಗಿನ ಮೇಲೊಂದು ನಂಬರ್ ಬರೆಯುತ್ತಾನೆ.

ಹುಬ್ಬಳ್ಳಿಯವರಿಗೆ ಎರಡಕ್ಕೂ ಹಕ್ಕಿದೆ, ತಮಾಷೆ ಅದೇ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್ 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆ ಕಾಲದ್ದು. ಅಪ್ಪಟ ಉಗಿಯ ಮಗು. ಅದೇ ಊರಿನಲ್ಲಿ ದೇಶದ ದೊಡ್ಡ ಡೀಸೆಲ್ ಲೋಕೋ ಶೆಡ್‌ಗಳಲ್ಲಿ ಒಂದು ಕೂಡ ಇದೆ. ರಾತ್ರಿ ನಿದ್ದೆ ಬಾರದಾಗ ಕೇಳುವ ಆ ಗುಡುಗುಡು ಸದ್ದು ಈ ಊರಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ಲಾರಿಯ ಹಳೇ ಬಿಡಿಭಾಗ ಬೇಕೆಂದರೆ ನಮ್ಮಲ್ಲಿ ಗ್ಯಾರೇಜಿಗೆ ಬರವಿಲ್ಲ. ಡೀಸೆಲ್‌ಪಂಕ್ ಮಾಡಲು ಸಾಮಾನು ಅಗ್ಗ. ಬೇರಿಂಗು, ಡ್ಯಾಶ್‌ಬೋರ್ಡಿನ ಮೀಟರು, ಹಳೇ ಹೆಡ್‌ಲೈಟು, ಎಲ್ಲಾ ಕಬ್ಬಿಣದ ರೇಟಿಗೆ.

ಆದರೂ ನನ್ನ ಓಟು ಉಗಿಗೇ. ಒಂದು ಕಾರಣ ಬಿಸಿಲು. ಏಪ್ರಿಲ್ ತಿಂಗಳಲ್ಲಿ ದುರ್ಗದಬೈಲಿನಲ್ಲಿ ಪೈಲಟ್ ಜಾಕೆಟ್ ಹಾಕಿಕೊಂಡು ನಿಂತು ನೋಡಿ, ಹತ್ತು ನಿಮಿಷಕ್ಕೆ ವೇಷ ಹೋಗಿ ಬರೀ ಬೆವರು ಉಳಿಯುತ್ತದೆ. ಉಗಿಯ ಕಾಲದಲ್ಲಿ ನಮ್ಮವರು ಹಾಕುತ್ತಿದ್ದದ್ದು ಹತ್ತಿಬಟ್ಟೆ, ಅದರ ವಿಷಯ ಮುಂದೆ ಹೇಳುತ್ತೇನೆ. ಇನ್ನೊಂದು ಕಾರಣ ನೆನಪು. ಚಿತ್ತರಂಜನ್ ಕಾರ್ಖಾನೆಯಲ್ಲಿ ಉಗಿ ಇಂಜಿನ್ ತಯಾರಿಕೆ ನಿಂತಿದ್ದೇ 1972ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಆ ಇಂಜಿನ್‌ಗಳು ಓಡಿದವು. ಅಂದರೆ ಕಣ್ಣಿಗೆ ಕಿಡಿ ಬಿದ್ದು ಅತ್ತವರು, ಬಿಳಿ ಅಂಗಿ ಕರಿ ಮಾಡಿಕೊಂಡು ಬೈಸಿಕೊಂಡವರು ನಿಮ್ಮ ಮನೆಯಲ್ಲೇ ಇದ್ದಾರೆ. ಕೇಳಿ ನೋಡಿ. ಇಂಗ್ಲೆಂಡಿನವರು ಪುಸ್ತಕ ಓದಿ ತಿಳಿಯಬೇಕಾದ್ದನ್ನು ನಮ್ಮ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಹೇಳುತ್ತಾಳೆ.

ಕ್ಲಾಕ್‌ಪಂಕ್ ಇನ್ನೂ ಹಿಂದಿನದು: ಸ್ಪ್ರಿಂಗು, ಚಾವಿ, ಕಟ್ಟಿಗೆಯ ಹಲ್ಲುಗಾಲಿ, ಉಗಿಯೂ ಇಲ್ಲ. ನಮ್ಮ ನಾಡಿನ ಒಳ್ಳೆ ಉದಾಹರಣೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೂತಿದೆ, ಟಿಪ್ಪುವಿನ ಹುಲಿ. ಹಿಡಿಕೆ ತಿರುಗಿಸಿದರೆ ಹುಲಿ ಗುರ್ ಅನ್ನುತ್ತದೆ, ಅದರ ಕೆಳಗೆ ಬಿದ್ದ ಸೋಲ್ಜರ್ ಕೈ ಎತ್ತಿ ನರಳುತ್ತಾನೆ. ನೋಡಲು ಚೆಂದ, ಮಾಡಲು ಕಷ್ಟ. ಗಡಿಯಾರದ ಕೆಲಸದಲ್ಲಿ ಕೈ ಪಳಗಿರಬೇಕು. ಮೊದಲ ಪ್ರಯತ್ನಕ್ಕೆ ಬೇಡ.

ಸೈಬರ್‌ಪಂಕ್ ಎಲ್‌ಇಡಿ ಪಟ್ಟಿ ಇದ್ದವರ ಆಟ, ಒಂದು ಸಂಜೆಯಲ್ಲಿ ಮುಗಿಯುತ್ತದೆ, ಕತ್ತಲಿದ್ದರೆ ಮಾತ್ರ ಕಾಣುತ್ತದೆ. ಸೋಲಾರ್‌ಪಂಕ್‌ನವರಿಗೆ, ಅಂದರೆ ಬಿಸಿಲು ಗಾಳಿಯಿಂದಲೇ ನಡೆಯುವ ಹಸಿರು ನಾಳೆಯ ಕನಸಿನವರಿಗೆ, ಗದಗ ಜಿಲ್ಲೆಯೇ ಸ್ವರ್ಗ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು, ಮೈಮೇಲೆ ಖಾದಿ, ಇನ್ನೇನು ಬೇಕು? ಅದರ ಬಗ್ಗೆ ಬೇರೆಯೇ ಬರೆಯಬೇಕು.

ಸಾಹೇಬನೋ, ಫಿಟ್ಟರನೋ?

ಇದೇ ದೊಡ್ಡ ಪ್ರಶ್ನೆ. ಯಾರೂ ಕೇಳಿಕೊಳ್ಳುವುದಿಲ್ಲ, ನೇರ ಟೋಪಿ ಆರ್ಡರ್ ಮಾಡಿಬಿಡುತ್ತಾರೆ.

ಸ್ಟೀಮ್‌ಪಂಕ್ ಎಂದು ಹುಡುಕಿದರೆ ಬರುವ ಚಿತ್ರಗಳೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನವು. ಎತ್ತರದ ಕರಿ ಟೋಪಿ, ಬಾಲದ ಕೋಟು, ಹೆಂಗಸರಿಗೆ ಉಸಿರು ಕಟ್ಟಿಸುವ ಕಾರ್ಸೆಟ್ಟು. ಅದನ್ನು ಹಾಕಿಕೊಂಡು ನಾವು ಯಾರಾಗುತ್ತೇವೆ? ಕಲೆಕ್ಟರ್ ಸಾಹೇಬ. ಅದೇ ರಾಣಿಯ ಕಾಲದಲ್ಲಿ, 1858ರಲ್ಲಿ, ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿ ಭೀಮರಾಯ ಬಂಡೆದ್ದರು. ಈ ಎರಡೂ ಊರು ಗದಗ ಜಿಲ್ಲೆಯಲ್ಲೇ ಇವೆ. ಸಾಹೇಬನ ವೇಷ ಹಾಕಬಾರದು ಎಂದು ನಾನು ಹೇಳುತ್ತಿಲ್ಲ, ನಾಟಕದಲ್ಲಿ ಯಾರಾದರೂ ಹಾಕಲೇಬೇಕಲ್ವಾ. ಆದರೆ ಸುಮ್ನೆ, ಯೋಚನೆ ಇಲ್ಲದೇ ಬಿಳಿ ಸೋಲಾ ಟೋಪಿ ಹಾಕಿ ಧಾರವಾಡದಲ್ಲಿ ತಿರುಗಿದರೆ ಯಾರಾದರೂ ಒಬ್ಬರು ನಿಲ್ಲಿಸಿ ಕೇಳುತ್ತಾರೆ, ಕೇಳಲೇಬೇಕು.

ಮೂಲದ ಲೇಖಕರೇ ಇದಕ್ಕೆ ದಾರಿ ಬಿಟ್ಟಿದ್ದಾರೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸ್ಟೀಮ್‌ಪಂಕ್ ಮಂದಿ ದೇವರ ಹಾಗೆ ಕಾಣುವ ಕ್ಯಾಪ್ಟನ್ ನೀಮೋ, ಸಮುದ್ರದಡಿ ಹಡಗು ಓಡಿಸುವವನು, ಬಿಳಿಯ ಅಲ್ಲವೇ ಅಲ್ಲ. ಮೊದಲ ಕಾದಂಬರಿಯಲ್ಲಿ ಅವನ ಊರು ಯಾವುದು ಎಂದು ವರ್ನ್ ಹೇಳುವುದಿಲ್ಲ. 1875ರ ಹೊತ್ತಿಗೆ ಬಂದ ಇನ್ನೊಂದರಲ್ಲಿ ಗುಟ್ಟು ಬಿಡುತ್ತಾನೆ: ನೀಮೋ ಬುಂದೇಲಖಂಡದ ರಾಜಕುಮಾರ ದಕ್ಕರ್, ಸಿಪಾಯಿ ದಂಗೆಯಲ್ಲಿ ಬ್ರಿಟಿಷರ ಮೇಲೆ ಕಾದಾಡಿ ಎಲ್ಲವನ್ನೂ ಕಳೆದುಕೊಂಡವನು. ಅಷ್ಟೇ ಅಲ್ಲ, ಟಿಪ್ಪುವಿಗೆ ಸೋದರಳಿಯನೂ ಹೌದು! ಇತಿಹಾಸದ ಲೆಕ್ಕ ಕೂಡುವುದಿಲ್ಲ, ಕಾದಂಬರಿಗೆ ಅದೆಲ್ಲ ಬೇಕಿಲ್ಲ. ಮಾವನದ್ದು ಗುರ್ ಅನ್ನುವ ಹುಲಿ, ಅಳಿಯನದ್ದು ಸಬ್‌ಮರೀನು. ಅದೇ ವರ್ನ್ 1880ರಲ್ಲಿ ಉಗಿಯಿಂದ ನಡೆಯುವ ಕಬ್ಬಿಣದ ಆನೆಯೊಂದನ್ನು ಉತ್ತರ ಭಾರತದ ತುಂಬ ಓಡಾಡಿಸಿದ. ಅವನು ಹುಟ್ಟಿದ ನಾಂಟ್ ಊರಿನಲ್ಲಿ 2007ರಿಂದ 12 ಮೀಟರ್ ಎತ್ತರದ ಯಂತ್ರದ ಆನೆ ನಿಜವಾಗಿಯೇ ಜನರನ್ನು ಹೊತ್ತುಕೊಂಡು, ಸೊಂಡಿಲಿನಿಂದ ನೀರು ಚಿಮ್ಮಿಸುತ್ತಾ ತಿರುಗುತ್ತಿದೆ. ಹೀಗಿರುವಾಗ ನಮಗೆ ಲಂಡನ್ನಿನ ಟೋಪಿ ಯಾಕೆ?

ನನ್ನ ಸಲಹೆ, ಮೊದಲು ಕೆಲಸ ಆರಿಸಿ, ಆಮೇಲೆ ಬಟ್ಟೆ. ನೀವು ವರ್ಕ್‌ಶಾಪಿನ ಫಿಟ್ಟರ್? ತಂತಿ ಕಚೇರಿಯವರು? ಹತ್ತಿ ಜಿನ್ನಿಂಗ್ ಮಿಲ್ಲಿನ ಇಂಜಿನ್ ನೋಡಿಕೊಳ್ಳುವವರು? ಗದಗಿನ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವರು? ನರಗುಂದಕ್ಕೆ ಗುಪ್ತ ಸಂದೇಶ ಒಯ್ಯುವ ಉಗಿ ಸೈಕಲ್ಲಿನ ಟಪಾಲಿನವಳು? ಕೆಲಸ ಗೊತ್ತಾದರೆ ಸೊಂಟಕ್ಕೆ ಏನು ನೇತುಹಾಕಬೇಕು, ಕೈ ಎಷ್ಟು ಕೊಳೆಯಾಗಿರಬೇಕು ಎಲ್ಲ ತಾನಾಗಿ ಬರುತ್ತದೆ. ಸಾಹೇಬನ ವೇಷದಲ್ಲಿ ಆ ಅನುಕೂಲ ಇಲ್ಲ, ಅವನು ಸುಮ್ಮನೆ ನಿಂತಿರುತ್ತಾನೆ.

ರೆಡಿಮೇಡ್ ಬಟ್ಟೆಯೋ, ಪೆಟ್ಟಿಗೆಯೊಳಗಿನದೋ?

ಆನ್‌ಲೈನಿನಲ್ಲಿ ಪೂರ್ತಿ ಸೆಟ್ ಸಿಗುತ್ತದೆ. ನಾನೂ ಒಮ್ಮೆ ತರಿಸಿದೆ. ವೇಸ್ಟ್‌ಕೋಟು ಪಾಲಿಯೆಸ್ಟರ್, ಹಿತ್ತಾಳೆ ಗುಂಡಿ ಎಂದು ಬರೆದದ್ದು ಪ್ಲಾಸ್ಟಿಕ್ಕು, ಉಗುರಲ್ಲಿ ಕೆರೆದರೆ ಬಿಳಿ ಬರುತ್ತಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಟೈಮ್ ಇಲ್ಲ, ಒಂದೇ ದಿನದ ಕಾರ್ಯಕ್ರಮ ಅಂದರೆ ತರಿಸಿ, ಬೇಜಾರಿಲ್ಲ. ಆದರೆ ದೂರದಿಂದ ಮಾತ್ರ ಫೋಟೋ ತೆಗೆಸಿಕೊಳ್ಳಿ.

ಇನ್ನೊಂದು ದಾರಿ, ಮನೆಯ ಹಳೇ ಫೋಟೋ ತೆಗೆದು ನೋಡುವುದು. ನಮ್ಮ ಮುತ್ತಜ್ಜನ ಫೋಟೋದಲ್ಲಿ ಇರುವುದೇನು? ದೋತರ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ರುಮಾಲು, ಜೇಬಿನಿಂದ ಇಳಿಬಿದ್ದ ಗಡಿಯಾರದ ಸರಪಳಿ. ಇದಕ್ಕಿಂತ ಸ್ಟೀಮ್‌ಪಂಕ್ ಇನ್ನೇನು ಬೇಕು ಹೇಳಿ. ರುಮಾಲಿನ ಮೇಲೆ ಕನ್ನಡಕ ಏರಿಸಿದರೆ ಮುಗಿಯಿತು. ಹೆಂಗಸರಿಗಂತೂ ಇನ್ನೂ ಅನುಕೂಲ. ಇಳಕಲ್ ಸೀರೆ ಕಚ್ಚೆ ಹಾಕಿ ಉಟ್ಟರೆ ಓಡಾಡಲು ಸಲೀಸು, ಕಾರ್ಸೆಟ್ಟಿನ ಜಾಗಕ್ಕೆ ಸೊಂಟದ ಡಾಬು ಇದೆ. ಡಾಬಿಗೆ ಒಂದು ಕೊಂಡಿ ಹಾಕಿ ಪಾನಾ ನೇತುಹಾಕಿ ನೋಡಿ, ಅದು ಅದಕ್ಕೇ ಮಾಡಿಟ್ಟ ಹಾಗೆ ಕೂರುತ್ತದೆ. ಅಜ್ಜಿಯ ಬೆಳ್ಳಿ ಡಾಬು ಮಾತ್ರ ಬೇಡ, ಕಳೆದರೆ ಮನೆಗೆ ಸೇರಿಸುವುದಿಲ್ಲ. ಜಾತ್ರೆಯಲ್ಲಿ ಸಿಗುವುದೇ ಸಾಕು.

ವೇಸ್ಟ್‌ಕೋಟಿಗೆ ಗುಳೇದಗುಡ್ಡದ ಖಣ ಒಳ್ಳೆಯದು. ಆ ಸಣ್ಣ ಸಣ್ಣ ನೇಯ್ಗೆಯ ಚಿತ್ರ, ಎರಡು ಕಡೆಯ ಅಂಚು, ದೂರಕ್ಕೆ ವಿಕ್ಟೋರಿಯನ್ ಬ್ರೊಕೇಡ್ ಹಾಗೆಯೇ ಕಾಣುತ್ತದೆ, ಹತ್ತಿರ ಬಂದರೆ ಅಪ್ಪಟ ನಮ್ಮದು. ಖಣದ ಪನ್ನಾ ಚಿಕ್ಕದು, ಕುಪ್ಪಸದ ಅಳತೆಗೆ ನೇಯ್ದದ್ದು. ಗಂಡಸಿನ ವೇಸ್ಟ್‌ಕೋಟಿಗೆ ಎರಡು ಖಣ ಬೇಕಾಗಬಹುದು, ಟೇಲರಿಗೆ ಮೊದಲೇ ಹೇಳಿ. ಧಾರವಾಡದ ಕಸೂತಿ ಬರುವವರು ಮನೆಯಲ್ಲಿದ್ದರೆ ಕಾಲರಿಗೆ ಒಂದು ಹಲ್ಲುಗಾಲಿ ಹಾಕಿಸಿಕೊಳ್ಳಿ. ಕಸೂತಿಯಲ್ಲಿ ಎಳೆ ಎಣಿಸಿ ಹಾಕುತ್ತಾರೆ, ಗಂಟು ಬೀಳಬಾರದು. ಗವಂತಿ ಹೊಲಿಗೆಯಾದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಗೋಪುರ, ತೇರು, ಆನೆ ಹಾಕುವ ಕೈಗೆ ಗಾಲಿ ಕಷ್ಟವಲ್ಲ. ನಮ್ಮ ಅತ್ತೆ ನನ್ನ ಚಿತ್ರ ನೋಡಿ, "ಇದು ಚಕ್ಕುಲಿ ಏನ್ ತಮ್ಮಾ?" ಎಂದು ಕೇಳಿದರು. ಹಲ್ಲು ಚೂಪಾಗಿ ಬರೆದುಕೊಡಿ.

ನಿಜ ಹಿತ್ತಾಳೆಯೋ, ಬಣ್ಣವೋ?

ಕೈಯಲ್ಲಿ ಹಿಡಿಯುವುದು, ಟೇಬಲ್ ಮೇಲೆ ಇಡುವುದು ನಿಜ ಲೋಹವಿರಲಿ. ಮೈಮೇಲೆ ಹೊರುವುದು ಬಣ್ಣವಿರಲಿ. ಭುಜದ ಮೇಲೆ ಎರಡು ಕಿಲೋ ಹಿತ್ತಾಳೆ ಹೊತ್ತು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಿಂತುಕೊಂಡು ಹೋದವನ ಮಾತು ಇದು.

ಬಣ್ಣ ಹಚ್ಚುವುದಕ್ಕೂ ಒಂದು ಕ್ರಮ ಇದೆ. ಪಿವಿಸಿ ಪೈಪೋ, ದಪ್ಪ ಫೋಮ್ ಹಾಳೆಯೋ ತೆಗೆದುಕೊಂಡು ಮೊದಲು ಪೂರ್ತಿ ಕರಿ ಬಳಿಯಿರಿ. ಒಣಗಿದ ಮೇಲೆ ಬಂಗಾರದ ಬಣ್ಣದಲ್ಲಿ ಬ್ರಷ್ ಅದ್ದಿ, ಹಳೇ ಬಟ್ಟೆಗೆ ಒರೆಸಿ, ಬ್ರಷ್ ಹೆಚ್ಚೂ ಕಡಿಮೆ ಒಣಗಿದಾಗ ಉಬ್ಬಿದ ಜಾಗಕ್ಕೆ ಮಾತ್ರ ಸವರಿ. ಸಂದಿಯಲ್ಲಿ ಕರಿ ಉಳಿಯಬೇಕು. ನೇರ ಬಂಗಾರದ ಸ್ಪ್ರೇ ಹೊಡೆದರೆ ಗಣಪತಿ ಮಂಟಪದ ಕಂಬದ ಹಾಗೆ ಕಾಣುತ್ತದೆ.

ಲೋಹಕ್ಕೆ ಗುಜರಿ ಅಂಗಡಿಯೇ ಸರಿ. ಹಳೇ ನಲ್ಲಿ, ಬಾಗಿಲ ಚಿಲಕ, ಗ್ಯಾಸ್ ರೆಗ್ಯುಲೇಟರು, ಒಡೆದ ತಕ್ಕಡಿ. ಎಲ್ಲಕ್ಕಿಂತ ಮೇಲು ಪಂಪ್ ಹೊಡೆಯುವ ಹಿತ್ತಾಳೆ ಸ್ಟೋವ್. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಈ ಸ್ಟೋವ್ ನಮ್ಮ ಅಡಿಗೆಮನೆಗೆ ಬಂದು ಎಷ್ಟು ತಲೆಮಾರು ಆಯಿತೋ. ಹೊಟ್ಟೆಯಲ್ಲಿ ಸೀಮೆಎಣ್ಣೆ, ಪಂಪಿನಿಂದ ಗಾಳಿಯ ಒತ್ತಡ, ಬಿಸಿ ನಳಿಕೆಯಲ್ಲಿ ಎಣ್ಣೆ ಆವಿಯಾಗಿ ಸಣ್ಣ ತೂತಿನಿಂದ ಚಿಮ್ಮಿ ನೀಲಿ ಉರಿ. ಆ ತೂತಿಗೆ ಪಿನ್ನು ಹಾಕುತ್ತಾ ಗೊಣಗುತ್ತಿದ್ದದ್ದು ನೆನಪಿದೆಯಾ? ಈಗ ಅದನ್ನು ಲ್ಯಾಂಪ್ ಮಾಡಿದರೆ ಅದ್ಭುತವಾಗಿ ಕಾಣುತ್ತದೆ. ಒಳಗೆ ಸೀಮೆಎಣ್ಣೆಯ ಒಂದು ಹನಿಯೂ, ವಾಸನೆಯೂ ಇರಬಾರದು. ಸೋಪು ನೀರಲ್ಲಿ ತೊಳೆದು ವಾರಗಟ್ಟಲೆ ಬಿಸಿಲಿಗಿಟ್ಟ ಮೇಲೇ ವೈರ್ ಹಾಕಿ, ವೈರ್ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ.

ಈಗ ನನ್ನ ಗೋಳು. ಹೊಸ ಹಿತ್ತಾಳೆ ಥಳಥಳ ಅನ್ನುತ್ತದೆ, ಹಳೆಯದು ಅನ್ನಿಸುವುದಿಲ್ಲ. ಅದಕ್ಕೆ ಒಂದು ಮುಚ್ಚಿದ ಡಬ್ಬಿಯಲ್ಲಿ ವಿನೆಗರ್ ಇಟ್ಟು, ತುಂಡುಗಳಿಗೆ ಉಪ್ಪುನೀರು ಚಿಮುಕಿಸಿ, ವಿನೆಗರ್‌ಗೆ ತಾಗದ ಹಾಗೆ ಮೇಲೆ ದಾರದಿಂದ ನೇತುಬಿಟ್ಟೆ. ಆವಿಗೆ ನಿಧಾನಕ್ಕೆ ಕಂದು, ಅಲ್ಲಲ್ಲಿ ಹಸಿರು ಹಿಡಿಯುತ್ತದೆ. ಮೂರು ಸಲ ಮಾಡಿ ಬೇಕಾದ ಬಣ್ಣ ಬಂತು. ಕಿಟಕಿಯಲ್ಲಿ ಒಣಗಲು ಇಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಎಲ್ಲವೂ ಮದುವೆಮನೆ ಸಮೆ ದೀಪದ ಹಾಗೆ ಹೊಳೆಯುತ್ತಿವೆ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದಳು. "ಎಷ್ಟು ಕಿಲುಬು ಹಿಡಿದಿತ್ತೋ, ಕೈ ನೋವು ಬಂತು" ಎಂದು ಮೇಲಿಂದ ನನಗೇ ಬೈದಳು. ಹುಣಸೆಯ ಹುಳಿ ಆ ಪದರವನ್ನು ಕರಗಿಸಿಬಿಡುತ್ತದೆ, ಎರಡು ನಿಮಿಷ ಸಾಕು. ಅಂದಿನಿಂದ ಬಣ್ಣ ಹಿಡಿದ ಕೂಡಲೇ ಪಾರದರ್ಶಕ ಲ್ಯಾಕರ್ ಹೊಡೆದು ಅವ್ವನಿಗೆ ತೋರಿಸಿಯೇ ಇಡುತ್ತೇನೆ.

ಅಂಟಿಸುವುದೋ, ತಿರುಗಿಸುವುದೋ?

ಟೋಪಿಯ ಮೇಲೆ ಹತ್ತು ಗೇರ್ ಅಂಟಿಸಿದರೆ ಸ್ಟೀಮ್‌ಪಂಕ್ ಆಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನೋಡಿದವರಲ್ಲಿ ಒಬ್ಬ ಫಿಟ್ಟರ್ ಇದ್ದರೆ ಮಾನ ಹೋಗುತ್ತದೆ. ಕಚ್ಚಿಕೊಂಡ ಎರಡು ಗೇರ್ ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಮೂರನ್ನು ತ್ರಿಕೋನವಾಗಿ, ಒಂದೊಂದೂ ಉಳಿದೆರಡಕ್ಕೆ ಕಚ್ಚುವ ಹಾಗೆ ಇಟ್ಟರೆ ಯಾವುದೂ ತಿರುಗುವುದಿಲ್ಲ, ಜಾಮ್. ಎಷ್ಟು ಟೀಶರ್ಟಿನ ಮೇಲೆ, ಎಷ್ಟು ಕಂಪನಿ ಲೋಗೋದಲ್ಲಿ ಈ ತಪ್ಪು ಇದೆ ಎಂದು ಒಮ್ಮೆ ಗಮನಿಸಿದರೆ ಆಮೇಲೆ ಕಣ್ಣು ಬೇರೆ ಏನೂ ನೋಡುವುದಿಲ್ಲ. ಹತ್ತು ಸತ್ತ ಗೇರಿಗಿಂತ ಹಿಡಿಕೆ ತಿರುವಿದರೆ ತಿರುಗುವ ಎರಡು ಗೇರ್ ಮೇಲು, ಮಕ್ಕಳು ಬಿಟ್ಟು ಹೋಗುವುದಿಲ್ಲ. ಅಂಟಿಸಲೇಬೇಕಾದರೂ ಹಾಟ್ ಗ್ಲೂ ನಂಬಬೇಡಿ. ಬಿಸಿಲಲ್ಲಿ ನಿಂತ ಬೈಕಿನ ಸೀಟಿನ ಮೇಲೆ ನನ್ನ ಟೋಪಿ ಅರ್ಧ ಗಂಟೆ ಇತ್ತು, ಗೇರೆಲ್ಲ ಜಾರಿ ಒಂದು ಕಿವಿಯ ಕಡೆ ಸೇರಿದ್ದವು. ಎರಡು ಟ್ಯೂಬ್ ಕಲಸುವ ಎಪಾಕ್ಸಿ, ಇಲ್ಲಾ ಸಣ್ಣ ಸ್ಕ್ರೂ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿಗೆ ರಟ್ಟಿನದೆಲ್ಲ ಹಪ್ಪಳ ಆಗುತ್ತದೆ, ಅದೂ ನೆನಪಿರಲಿ.

ಯಂತ್ರ ಹೇಗೆ ಜೋಡಿಸುತ್ತಾರೆ ಎಂದು ಕಣ್ಣಾರೆ ನೋಡಬೇಕೆಂದರೆ 2020ರಲ್ಲಿ ಶುರುವಾದ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಒಂದು ಸಂಜೆ ಹೋಗಿ. ಸೆಲ್ಫಿ ಬಿಟ್ಟು, ಪೈಪು ಎಲ್ಲಿ ಬಾಗುತ್ತದೆ, ಬೋಲ್ಟು ಎಷ್ಟು ಅಂತರಕ್ಕಿದೆ, ಹಿಡಿಕೆ ಎಲ್ಲಿ ಸವೆದಿದೆ ಅದರ ಫೋಟೋ ತೆಗೆದುಕೊಳ್ಳಿ.

ಒಂದೇ ಭಾನುವಾರ, ಜೇಬಲ್ಲಿ ಐನೂರು ರೂಪಾಯಿ ಒಳಗೆ ಅಂದರೆ? ಕನ್ನಡಕದಿಂದ ಶುರು ಮಾಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಯಾಸ್ ವೆಲ್ಡಿಂಗಿನ ಗುಂಡು ಕನ್ನಡಕ ಸಿಗುತ್ತದೆ, ಕರಿ ಗಾಜು ಮೇಲೆತ್ತಿದರೆ ಒಳಗೆ ಬಿಳಿ ಗಾಜು ಇರುವಂಥದ್ದೇ ಕೇಳಿ. ಎತ್ತಲು ಬರದಿದ್ದರೆ ನಡೆಯುವಾಗ ಕಣ್ಣೇ ಕಾಣುವುದಿಲ್ಲ, ಕಂಬಕ್ಕೆ ಹಾಯುತ್ತೀರಿ. ಅಂಚಿಗೆ ಮೇಲೆ ಹೇಳಿದ ಹಾಗೆ ಕರಿ, ಆಮೇಲೆ ಬಂಗಾರ. ಎಲಾಸ್ಟಿಕ್ ಕಿತ್ತು ಚಮ್ಮಾರರ ಹತ್ತಿರ ಒಂದು ಚರ್ಮದ ಪಟ್ಟಿ, ಬಕ್ಕಲ್ ಹೊಲಿಸಿ.

ಕೊನೆಗೆ ಎಲ್ಲರೂ ಕೇಳುವುದು, ನಿಜ ಉಗಿ ಬರಿಸಬಹುದಾ? ಬೇಡ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಉಬ್ಬುತ್ತದೆ, ಮನೆಯಲ್ಲಿ ಬೆಸುಗೆ ಹಾಕಿದ ಮುಚ್ಚಿದ ಡಬ್ಬಿ ಅದನ್ನು ತಡೆಯುವುದಿಲ್ಲ. ಬಂಬಿನ ಬಾಯಿ ತೆರೆದಿರುವುದು ಅದಕ್ಕೇ. ಹೊಗೆ ಬೇಕಿದ್ದರೆ ಚಿಮಣಿಯೊಳಗೆ ಒಂದು ತಗಡಿನ ಬಟ್ಟಲಿಟ್ಟು ಧೂಪ ಹಚ್ಚಿ. ವಾಸನೆ ಸ್ವಲ್ಪ ಪೂಜೆಯದ್ದು ಬರುತ್ತದೆ, ಫೋಟೋದಲ್ಲಿ ಗೊತ್ತಾಗುವುದಿಲ್ಲ.